ಸಬ್ಜೆಕ್ಟ್ ಸಹಕರಿಸಲಿಲ್ಲ

ನವೆಂಬರ್ 1, ಶನಿವಾರ

ರಾಜ್ಯೋತ್ಸವದ ಈ ಶುಭದಿನ, ಕಲ್ಕತ್ತೆಯ ಬೆಹಾಲಾದ ಬಾಡಿಗೆ ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿ ಕುಳಿತು, ಪುಂಡಲೀಕ ಐತಾಳನಾದ ನಾನು, ವಯಸ್ಸು ಐವತ್ತೆರಡು, ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದ ಅಧಿಕಾರಿ, ಈ ದಿನಚರಿಯನ್ನು ಆರಂಭಿಸುತ್ತಿದ್ದೇನೆ. ಡೈರಿ ಬ್ಯಾಂಕಿನವರೇ ಕೊಟ್ಟದ್ದು. ಜನವರಿಯಿಂದ ಅಕ್ಟೋಬರ್‌ವರೆಗೆ ಖಾಲಿ. ಇದನ್ನು ಯಾರೂ ಓದತಕ್ಕದ್ದಲ್ಲ.

ಕಾರಣ ಬರೆದಿಡುತ್ತೇನೆ. ನನ್ನ ಹೆಂಡತಿ ಮನೋರಮೆ ಜುಲೈಯಿಂದ ಎಂ.ಎ. ಓದುತ್ತಿದ್ದಾಳೆ. ವಿಷಯ ಮನಶ್ಶಾಸ್ತ್ರ. ಶನಿವಾರ, ಭಾನುವಾರ ಅಲಿಪುರದ ಒಂದು ಕಾಲೇಜಿನಲ್ಲಿ ಕ್ಲಾಸು. ನಲವತ್ತಾರನೆಯ ವಯಸ್ಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹವ್ಯಾಸ ಹಿಡಿಯುತ್ತದೆ, ಇರಲಿ ಎಂದು ನಾನು ದೊಡ್ಡ ಮನಸ್ಸು ಮಾಡಿದ್ದೆ. ನಿನ್ನೆ ಅವಳ ಪ್ರಾಕ್ಟಿಕಲ್ ಪುಸ್ತಕ ಊಟದ ಮೇಜಿನ ಮೇಲೆ ಇತ್ತು. ತಟ್ಟೆ ಇಡಲು ಜಾಗ ಬೇಕೆಂದು ಎತ್ತಿದೆ. ಎತ್ತಿದಾಗ ಅದು ತೆರೆದುಕೊಂಡಿತು. ತೆರೆದುಕೊಂಡದ್ದನ್ನು ಓದದೆ ಮುಚ್ಚಿದರೆ ಮೂವತ್ತು ವರ್ಷದ ವೃತ್ತಿಗೆ ಅವಮಾನ.

ಈ ಶಾಸ್ತ್ರದ ಪದ್ಧತಿ ವಿಚಿತ್ರವಾದುದು. ರಸಾಯನಶಾಸ್ತ್ರದವರಿಗೆ ಕಾಲೇಜೇ ಆಸಿಡ್ ಕೊಡುತ್ತದೆ. ಮನಶ್ಶಾಸ್ತ್ರದವರು ಮಾತ್ರ ಪ್ರಯೋಗಕ್ಕೆ ಬೇಕಾದ ಮನುಷ್ಯನನ್ನು ತಾವೇ ಹುಡುಕಿ ತರಬೇಕು. ಆ ಮನುಷ್ಯನಿಗೆ ‘ಸಬ್ಜೆಕ್ಟ್’ ಎಂದು ಹೆಸರು. ಪ್ರಯೋಗ ಮುಗಿದ ಮೇಲೆ ಅವನು, ಆಗ ತನ್ನ ಒಳಗೆ ಏನೇನು ನಡೆಯಿತು ಎಂದು ಸ್ವಂತ ಮಾತಿನಲ್ಲಿ ಹೇಳಬೇಕು. ಅದು ಅಂತರಾವಲೋಕನ ವರದಿ. ಅದನ್ನು ವಿದ್ಯಾರ್ಥಿ ಅಕ್ಷರ ಬಿಡದೆ ಬರೆದುಕೊಳ್ಳಬೇಕು.

ಮೊದಲನೆಯ ಪ್ರಯೋಗದ ಸಬ್ಜೆಕ್ಟ್ ‘ಪು. ಐ.’ ಅಂದರೆ ನಾನು. ಆಗಸ್ಟಿನಲ್ಲಿ ಅವಳು ದೀಪ ಹತ್ತಿಸಿದಾಗಲೆಲ್ಲ ನಾನು ಗುಂಡಿ ಒತ್ತಿದ್ದೆ. ವರದಿ: “ವಿಶೇಷವೇನೂ ಅನ್ನಿಸಲಿಲ್ಲ. ಚಹಾ ತಡವಾಯಿತು.” ಅದರ ಕೆಳಗೆ ಅವಳ ಪ್ರೊಫೆಸರು ಶುಕ್ಲಾದಿ (‘ದಿ’ ಎಂದರೆ ಬಂಗಾಳಿಯಲ್ಲಿ ಅಕ್ಕ) ಎಂಬವರು ಕೆಂಪು ಶಾಯಿಯಲ್ಲಿ ಇಂಗ್ಲಿಷಿನಲ್ಲಿ ಷರಾ ಬರೆದಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ: ಸಬ್ಜೆಕ್ಟ್ ಸಹಕರಿಸಲಿಲ್ಲ.

ಎರಡನೆಯದು ಕೈಯಲ್ಲಿ ತೂಕ ಎತ್ತಿ ಯಾವುದು ಭಾರವೆಂದು ಹೇಳುವ ಪ್ರಯೋಗ. ಸಬ್ಜೆಕ್ಟ್ ‘ಋ. ದೇ.’ ಅಂದರೆ ಕೆಳಗಿನ ಮಹಡಿಯ ಋಷಿಕೇಶ್ ದೇಸಾಯಿ, ಧಾರವಾಡದವನು, ರೈಲ್ವೆಯಲ್ಲಿ ಅಧಿಕಾರಿ. ವರದಿ ಒಂದೂವರೆ ಪುಟ! ಭಾರ ಎತ್ತಿದಾಗ ಅವನಿಗೆ ಬಾಲ್ಯದ ನೀರಿನ ಕೊಡ ನೆನಪಾಯಿತಂತೆ. ಕೆಂಪು ಶಾಯಿ: “ಅದ್ಭುತ ಅಂತರಾವಲೋಕನ!” ಕೆಳಗೆ ಎರಡು ಗೆರೆ.

ಮೂವತ್ತು ವರ್ಷ ಶಾಖೆಯಿಂದ ಶಾಖೆಗೆ ಹೋಗಿ ಪರರ ಪುಸ್ತಕದಲ್ಲಿ ಕೆಂಪು ಷರಾ ಬರೆದವನು ನಾನು. ನನ್ನ ಮೇಲೆ ಯಾರೂ ಬರೆದಿರಲಿಲ್ಲ.

ಡಿಸೆಂಬರ್ 14ರಂದು ಪ್ರಾಕ್ಟಿಕಲ್ ಪರೀಕ್ಷೆ. ಅದಕ್ಕೂ ಪ್ರತಿಯೊಬ್ಬರೂ ತಮ್ಮ ಸಬ್ಜೆಕ್ಟನ್ನು ಕರೆದುಕೊಂಡು ಹೋಗಬೇಕಂತೆ. ಯಾರನ್ನು ಕರೆದೊಯ್ಯುತ್ತೀ ಎಂದು ಸುಮ್ಮನೆ, ಪೇಪರಿನಿಂದ ತಲೆ ಎತ್ತದೆ ಕೇಳಿದೆ.

“ನೋಡುವ,” ಎಂದಳು.

ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅವಳು “ನೋಡುವ” ಎಂದದ್ದು ನಾನು ಆರಿಸಿದ ಸೀರೆಗಳಿಗೆ ಮಾತ್ರ.

ಆದ್ದರಿಂದ ಈ ದಿನಚರಿ. ಮನೋರಮೆ ಊಟದ ಹೊತ್ತಿಗೆ ತನ್ನ ಚರಿತ್ರೆಯ ನೋಟ್ಸ್ ಗಟ್ಟಿಯಾಗಿ ಓದುತ್ತಾಳೆ. ಸಾವಿರದ ಎಂಟುನೂರ ಎಪ್ಪತ್ತೊಂಬತ್ತರಲ್ಲಿ ಜರ್ಮನಿಯ ಲೈಪ್‌ಜಿಗ್ ಎಂಬ ಊರಿನಲ್ಲಿ ಈ ಶಾಸ್ತ್ರದ ಮೊದಲ ಪ್ರಯೋಗಶಾಲೆ ಶುರುವಾಯಿತಂತೆ. ಅಲ್ಲಿ ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳಲು ಒಬ್ಬ ಹತ್ತು ಸಾವಿರ ಸಲ ಅಭ್ಯಾಸ ಮಾಡಬೇಕಿತ್ತು, ಆಮೇಲಷ್ಟೇ ಅವನ ಮಾತಿಗೆ ಬೆಲೆ ಎಂದು ಹೇಳುತ್ತಾರಂತೆ. ಹತ್ತು ಸಾವಿರ ತಾನೇ? ನಾನೂ ಶುರು ಮಾಡಿದ್ದೇನೆ.

ಅವಲೋಕನ 1: ಎದೆಯ ನಡುವೆ, ಸ್ವಲ್ಪ ಎಡಕ್ಕೆ, ಬಿಸಿ. ಕಾರಣ: ಬೆಳಗಿನ ಕಚೋರಿ.

ಅವಲೋಕನ 2: ಕಚೋರಿ ತಿನ್ನದ ನಿನ್ನೆಯೂ ಅದು ಅಲ್ಲೇ ಇತ್ತು.

ನವೆಂಬರ್ 2, ಭಾನುವಾರ

ಲೈಪ್‌ಜಿಗ್‌ನ ಕಾರಣದಿಂದ ಚಹಾ ಇಪ್ಪತ್ತು ನಿಮಿಷ ತಡ.

ಸಂಜೆ ದೇಸಾಯಿ ಪಾತ್ರೆ ಹಿಂದಿರುಗಿಸಲು ಬಂದ. ಒಂದು ಪಾತ್ರೆ ಕೊಡಲು ಮುಕ್ಕಾಲು ಗಂಟೆ.

“ಮುಂದಿನ ಪ್ರಯೋಗ ಯಾವಾಗ್ರೀ ವೈನಿ? ಖರೇ ಹೇಳ್ತೇನಿ, ನೀವು ಹಂಗ ಕೂಡಿಸಿ ಕೇಳಿದ್ ಮ್ಯಾಲೆ ನನಗ ನಾನೇ ಹೊಸಬನ ಗತೆ ಕಾಣ್ಲಿಕ್ಕೆ ಹತ್ತೇನಿ,” ಎಂದ. ವೈನಿ ಎಂದರೆ ಅವನ ಕಡೆ ಅತ್ತಿಗೆ.

“ಮುಂದಿನ ವಾರ ಉಂಟು, ದೇಸಾಯ್ರೆ. ನೀವು ಬಂದ್ರೆ ನನಗೆ ಭಾರಿ ಅನುಕೂಲ,” ಎಂದಳು ಮನೋರಮೆ.

“ಐತಾಳ್ರ ಭಾಗ್ಯ ನೋಡ್ರಿ. ಮನ್ಯಾಗೇ ಪ್ರಯೋಗಶಾಲಾ!”

ಭಾಗ್ಯ ಪಡೆದವನು ಸೋಫಾದ ಮೂಲೆಯಲ್ಲಿ ನಕ್ಕ. ಅವಲೋಕನ 19: ನಗುವಾಗ ದವಡೆಯ ಎಡಭಾಗದಲ್ಲಿ ನೋವು.

ಅವನು ಹೋದ ಮೇಲೆ ಮಗಳು ನವ್ಯಾ ಮೊಬೈಲಿನಿಂದ ಕಣ್ಣೆತ್ತಿದಳು. ಹನ್ನೊಂದನೆಯ ಕ್ಲಾಸಿನವಳು. ನಾವು ಹೇಳುವ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಮೂರು ಭಾಷೆಯಲ್ಲಿ ಬರುತ್ತದೆ. “ಅಪ್ಪಾ, ಯು ಆರ್ ಸೋ ಜೆಲಸ್, ನಾ?”

ಓದು ಹೋಗು ಎಂದೆ.

ನವೆಂಬರ್ 9, ಭಾನುವಾರ

ತರಕಾರಿಗೆಂದು ನನ್ನನ್ನು ಕಳಿಸಿದರು. ಕಳಿಸಿದ್ದೇಕೆಂದು ಈಗ ತಿಳಿಯುತ್ತಿದೆ. ಹೂಕೋಸು ಹಿಡಿದು ಒಳಗೆ ಬಂದರೆ, ನನ್ನ ಊಟದ ಮೇಜು, ನನ್ನ ಕುರ್ಚಿ, ಅದರಲ್ಲಿ ದೇಸಾಯಿ.

ಎದುರಿಗೆ ಒಂದು ಹಲಗೆ, ಅದರ ತುದಿಯಲ್ಲಿ ನಿಂತ ಕನ್ನಡಿ. ಹಲಗೆಯ ಮೇಲೆ ಜೋಡಿಗೆರೆಯ ನಕ್ಷತ್ರದ ಚಿತ್ರ. ಕೈ ನೇರ ಕಾಣದಂತೆ ಒಂದು ತಗಡಿನ ಮರೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಗೆರೆ ಮುಟ್ಟಿದರೆ ತಪ್ಪು. ಕನ್ನಡಿಯಲ್ಲಿ ಮೇಲಿನದು ಕೆಳಗೆ ಕಾಣುವುದರಿಂದ ಪೆನ್ಸಿಲ್ ಹೇಳಿದ ಮಾತು ಕೇಳುವುದಿಲ್ಲ. ಮನೋರಮೆ ಸ್ಟಾಪ್‌ವಾಚ್ ಹಿಡಿದು ಕುಳಿತಿದ್ದಳು.

“ಅಯ್ಯಯ್ಯ ವೈನಿ, ನನ್ನ ಕೈ ನನ್ನ ಮಾತ ಕೇಳವಲ್ದರೀ!” ಎಂದು ಅವನು ಕೂಗುತ್ತಿದ್ದ. ಅವಳು ನಗುತ್ತಿದ್ದಳು. ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗುತ್ತಿದ್ದಳು.

ನನ್ನನ್ನು ಕಂಡದ್ದೇ, “ಹ್ವಾಯ್, ನೀವು ನೋಡ್ಬೇಡಿ, ಅಡಿಗೆಮನೆಗೆ ಹೋಗಿ. ಮುಂದಿನ ಭಾನುವಾರ ನಿಮ್ಮದು. ಮೊದಲೇ ನೋಡಿದವರು ಸಬ್ಜೆಕ್ಟ್ ಆಗುದಕ್ಕಾಗುದಿಲ್ಲ,” ಎಂದಳು.

ಹೋದೆ. ಹೂಕೋಸು ಬಿಡಿಸಿದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತರೆ ಪಿಂಗಾಣಿ ಕಪಾಟಿನ ಗಾಜಿನಲ್ಲಿ ಊಟದ ಮೇಜು ಪೂರ್ತಿ ಕಾಣುತ್ತದೆ ಎಂಬುದು ಮನೆ ಕಟ್ಟಿದವನ ತಪ್ಪು. ನನ್ನದಲ್ಲ.

ಹತ್ತು ಸುತ್ತು. ಮೊದಲ ಸುತ್ತಿನಲ್ಲಿ ದೇಸಾಯಿಯ ತಪ್ಪು 61, ಕೊನೆಯದರಲ್ಲಿ 17. ಆಮೇಲೆ ಅಂತರಾವಲೋಕನ. ಈ ಸಲ ಅವನು ಅತ್ತಂತೆ ಕೇಳಿಸಿತು. ಹೂಕೋಸು ಅಗತ್ಯಕ್ಕಿಂತ ಸಣ್ಣದಾಗಿದೆ ಎಂದು ಆಮೇಲೆ ದೂರು ಬಂತು.

ನವೆಂಬರ್ 10, ಸೋಮವಾರ

ಮಧ್ಯಾಹ್ನ ಖಿದಿರ್‌ಪುರದ ಬಜಾರಿಗೆ ಹೋಗಿ ನಿಲ್ಲುವ ಕನ್ನಡಿ ತಂದೆ. ಮನೋರಮೆಯ ಫೈಲಿನಿಂದ ಒಂದು ಖಾಲಿ ನಕ್ಷತ್ರದ ಹಾಳೆ ಬೆಳಿಗ್ಗೆಯೇ ನನ್ನ ಚೀಲಕ್ಕೆ ಬಂದಿತ್ತು. ಹೇಗೆ ಬಂತೆಂದು ಬರೆಯುವ ಅಗತ್ಯವಿಲ್ಲ. ಅದನ್ನು ಝೆರಾಕ್ಸ್ ಮಾಡಿಸಿದೆ. ಊಟದ ವಿರಾಮದಲ್ಲಿ ಕ್ಯಾಬಿನ್ ಬಾಗಿಲು ಹಾಕಿ, ರಟ್ಟಿನ ಪೆಟ್ಟಿಗೆಯ ಮುಚ್ಚಳವನ್ನು ಮರೆ ಮಾಡಿಕೊಂಡು ಆರಂಭಿಸಿದೆ.

ಮೊದಲ ನಕ್ಷತ್ರ: ನಾಲ್ಕು ನಿಮಿಷ, ತಪ್ಪು 88.

ಮೂವತ್ತು ವರ್ಷ ಅಧಿಕಾರಿಯಾಗಿ ಸಹಿ ಹಾಕಿದ ಕೈ ಇದು. ಮುಂದೆ ಹೋಗು ಎಂದರೆ ಹಿಂದೆ ಬಂತು. ಒಂದು ಮೂಲೆಯಲ್ಲಿ ಸಿಕ್ಕಿಬಿದ್ದು ಅಲ್ಲೇ ನಡುಗುತ್ತ ನಿಂತಿತು. ದೇಸಾಯಿಗಿಂತ 27 ತಪ್ಪು ಹೆಚ್ಚು! ಪ್ರತಿ ಹಾಳೆಯ ಮೇಲೂ ದಿನಾಂಕ, ಗಂಟೆ, ತಪ್ಪಿನ ಸಂಖ್ಯೆ ಬರೆದು ಕಿರುಸಹಿ ಹಾಕಿದ್ದೇನೆ. ಮಾಡುವುದು ಕಳ್ಳತನವೇ ಇರಬಹುದು, ಕಾಗದಪತ್ರ ಸರಿಯಾಗಿರಬೇಕು.

ನವೆಂಬರ್ 12, ಬುಧವಾರ

ಬೆಳಿಗ್ಗೆ ದೇಸಾಯಿ ಊರಿಂದ ಬಂದ ಶೇಂಗಾ ಹೋಳಿಗೆ ತಂದುಕೊಟ್ಟ. “ಎಷ್ಟು ಹದವಾಗಿ ಉಂಟು!” ಎಂದಳು. ನಾನು ಸಿಹಿ ತಿನ್ನುವುದಿಲ್ಲ ಎಂದೆ. ನಿನ್ನೆ ನಾಲ್ಕು ರಸಗುಲ್ಲ ತಿಂದದ್ದನ್ನು ನವ್ಯಾ ನೆನಪಿಸಿದಳು.

ನಿನ್ನೆ ತಪ್ಪು 14ಕ್ಕೆ ಇಳಿದಿತ್ತು. ಇಂದು ಮಧ್ಯಾಹ್ನ 37. ಪೆನ್ಸಿಲ್ಲಿನ ದೋಷ.

ಪಕ್ಕದ ಕ್ಯಾಬಿನ್ನಿನ ಬಂಗಾಳಿ ಬಾಬು ಬಾಗಿಲು ತೆರೆದು, ಕನ್ನಡಿಯ ಮುಂದೆ ಕುಳಿತ ನನ್ನನ್ನು ನೋಡಿ, ಬಹಳ ಮೃದುವಾಗಿ ಬಾಗಿಲು ಮುಚ್ಚಿದರು.

ನವೆಂಬರ್ 15, ಶನಿವಾರ

ತಪ್ಪು 2. ನೂರ ಹನ್ನೆರಡು ಹಾಳೆ ಮುಗಿದಿವೆ. ಕಟ್ಟನ್ನು ಮನೆಗೆ ತಂದು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇಟ್ಟೆ.

ನವೆಂಬರ್ 16, ಭಾನುವಾರ

ವಿಜಯ.

ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತೆ. ಮನೋರಮೆ ಸೂಚನೆ ಓದಿದಳು. ಮೊದಲ ಬಾರಿಗೆ ಕೇಳುವವನಂತೆ ಹುಬ್ಬು ಏರಿಸಿದೆ. “ಶುರು,” ಎಂದಳು. ಇಪ್ಪತ್ತೊಂಬತ್ತು ಸೆಕೆಂಡು, ತಪ್ಪು 2. ಎರಡನೆಯ ಸುತ್ತು, ಇಪ್ಪತ್ತೊಂಬತ್ತು, ತಪ್ಪು 2. ಹತ್ತು ಸುತ್ತೂ ಹಾಗೇ, ಗಡಿಯಾರದಂತೆ.

ಮೂರನೆಯ ಸುತ್ತಿಗೆ ಅವಳ ಬರೆಯುವ ಕೈ ನಿಂತಿತು. ಬೆರಗಿನಿಂದ ಇರಬೇಕು.

ಕೊನೆಯಲ್ಲಿ ನಿಯಮದ ಪ್ರಕಾರ ಒಂದು ಪ್ರಶ್ನೆ ಇದೆ. “ಇದನ್ನು ಮುಂಚೆ ಎಲ್ಲಿಯಾದ್ರೂ ನೋಡಿದ್ದು, ಮಾಡಿದ್ದು ಉಂಟಾ?”

“ಇಲ್ಲ. ಇದೇ ಮೊದಲು.”

“ನಿಮಗೆ ಎಂತ ಅನ್ನಿಸ್ತು?”

ಇದಕ್ಕಾಗಿಯೇ ಕಾದಿದ್ದೆ. ಗುರುವಾರದಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: “ಮೊದಲ ನೋಟಕ್ಕೇ ಕನ್ನಡಿಯೊಳಗಿನ ಲೋಕ ನನ್ನ ವಶವಾಯಿತು. ಮನಸ್ಸು ನಿಶ್ಚಲ ಸರೋವರದಂತಿತ್ತು. ಬಾಲ್ಯದಲ್ಲಿ ಅಜ್ಜಿ ಹಾಕುತ್ತಿದ್ದ ರಂಗೋಲಿ ನೆನಪಾಯಿತು.” ದೇಸಾಯಿಯ ನೀರಿನ ಕೊಡಕ್ಕೆ ಉತ್ತರವಾಗಿ ರಂಗೋಲಿ.

ಅವಳು ಅಕ್ಷರ ಬಿಡದೆ ಬರೆದುಕೊಂಡಳು. ನಗಲಿಲ್ಲ. ಒಮ್ಮೆಯೂ ನಗಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ ಪುಸ್ತಕ ಮುಚ್ಚಿದಳು.

ಅವಲೋಕನ 340: ಜಯಭಾವ. ಆದರೆ ಅದರ ಅಂಚು ಸ್ವಲ್ಪ ತಣ್ಣಗಿದೆ. ಫ್ಯಾನಿನ ಗಾಳಿ ಇರಬಹುದು.

ನವೆಂಬರ್ 20, ಗುರುವಾರ

ಈ ವಾರ ಮನೋರಮೆ ಊಟದ ಹೊತ್ತಿಗೆ ನೋಟ್ಸ್ ಓದುತ್ತಿಲ್ಲ. ಕತೆ ಮಧ್ಯದಲ್ಲಿ ನಿಂತುಬಿಟ್ಟಿದೆ. ಕಳೆದ ಸಲ ನಿಲ್ಲಿಸಿದಾಗ ಅಮೆರಿಕದ ಕೆಲವರು ಎದ್ದು ನಿಂತು, ಮನುಷ್ಯ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದನ್ನು ನಂಬುವಂತಿಲ್ಲ ಎಂದು ಗಲಾಟೆ ಎಬ್ಬಿಸುವುದರಲ್ಲಿದ್ದರು. ಲೈಪ್‌ಜಿಗ್‌ನವರ ಗತಿ ಏನಾಯಿತು?

ತಡೆಯಲಾರದೆ ಅವಳು ಸ್ನಾನಕ್ಕೆ ಹೋದಾಗ ಪುಸ್ತಕ ತೆಗೆದು ಓದಿದೆ. ಅವರ ಕತೆ ಮುಗಿಯಿತು. ಒಳಗೆ ಏನಿದೆ ಎಂದು ಕೇಳಬೇಡಿ, ಮನುಷ್ಯ ಏನು ಮಾಡುತ್ತಾನೆ ಅದನ್ನಷ್ಟೇ ನೋಡಿ ಎಂದು ಹೊಸಬರು ಹೇಳಿದರು. ಹೇಳುವುದು ಒಂದು, ಮಾಡುವುದು ಒಂದು ಆಗಿರುವ ಜನರ ಮೇಲೆ ಶಾಸ್ತ್ರ ಕಟ್ಟಲಾಗುವುದಿಲ್ಲವಂತೆ. ಒಳ್ಳೆಯ ವಾದ. ಅದೇಕೋ ಪುಸ್ತಕ ಬೇಗ ಮುಚ್ಚಿದೆ.

ಇನ್ನೊಂದು ಅಧ್ಯಾಯದಲ್ಲಿ, ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ 1916ರಲ್ಲಿ ಶುರುವಾದದ್ದು ಈ ಕಲ್ಕತ್ತೆಯಲ್ಲೇ ಎಂದಿದೆ. ಎಂಟು ವರ್ಷದಿಂದ ಇಲ್ಲಿದ್ದೇನೆ, ಯಾರೂ ಹೇಳಿರಲಿಲ್ಲ. ದೇಸಾಯಿಗೆ ಗೊತ್ತಿದೆಯೋ ಏನೋ.

ನವೆಂಬರ್ 23, ಭಾನುವಾರ

ಮನೋರಮೆ ಕ್ಲಾಸಿನಿಂದ ಬಂದು ನೇರ ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟಳು. ಬಹಳ ಹೊತ್ತು ಬಿಟ್ಟಳು.

ನವ್ಯಾ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. “ಅಪ್ಪಾ, ಅಮ್ಮ ಆನ್ ದ ವೇ ಫೋನ್ ಮಾಡಿದ್ಲು. ಟೀಚರ್ ಅಮ್ಮನ ರೆಕಾರ್ಡ್ ಸೈನ್ ಮಾಡಿಲ್ಲ. ಡೇಟಾ ಅಮ್ಮನೇ ಕುಕ್ ಮಾಡಿದ್ದಾಳೆ ಅಂತ. ಗ್ರಾಫ್ ಒಂದೇ ಸ್ಟ್ರೇಟ್ ಲೈನ್. ಮನುಷ್ಯರಿಗೆ ಹಾಗೆ ಬರೋದೇ ಇಲ್ಲ ಅಂದ್ರಂತೆ, ಹೋಲ್ ಕ್ಲಾಸಿನ ಮುಂದೆ.”

“ಸೈನ್ ಆಗದಿದ್ದರೆ?”

“ಎಕ್ಸಾಮಿಗೆ ಬಿಡಲ್ಲ. ಇಯರ್ ವೇಸ್ಟ್.”

“ನಾನೇ ಮಾಡಿದ್ದು ಅಂತ ಹೇಳಲಿ ಅವಳು!”

ನವ್ಯಾ ನನ್ನನ್ನು ನೋಡಿದಳು. ಅವಳ ತಾಯಿ ಕಳೆದ ಭಾನುವಾರ ನೋಡಿದ ಹಾಗೆಯೇ. “ಅಪ್ಪಾ. ಚಪ್ಪಲಿ ಸ್ಟ್ಯಾಂಡ್ ಹಿಂದೆ ಇತ್ನಾ ಸಾರಾ ಸ್ಟಾರ್ ಇದೆ. ಅಮ್ಮ ಸೋಮವಾರವೇ ನೋಡಿದ್ದಾಳೆ.”

ಅಡಿಗೆಮನೆಗೆ ಹೋದೆ. ಮನೋರಮೆ ಮುಖ ತೊಳೆದು ಬಂದು ಅಕ್ಕಿ ಆರಿಸುತ್ತಿದ್ದಳು. ಆ ಅಕ್ಕಿಯಲ್ಲಿ ಆರಿಸಲು ಏನೂ ಇರಲಿಲ್ಲ.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀನು, ಅವರಿಗೆ?”

“ಎಂತ ಹೇಳುದು?”

“ಗಂಡ ಕದ್ದು ಅಭ್ಯಾಸ ಮಾಡಿದ್ದಾನೆ ಅಂತ.”

“ನೀವು ನನಗೆ ಹಾಗೆ ಹೇಳಿದ್ರಾ?” ಅವಳು ತಲೆ ಎತ್ತಲಿಲ್ಲ. “ಸಬ್ಜೆಕ್ಟ್ ಹೇಳಿದ್ದನ್ನು ನಾನು ಬರಿಬೇಕು. ನನಗೆ ಗೊತ್ತಿದ್ದದ್ದನ್ನು ಬರಿಲಿಕ್ಕೆ ಇಲ್ಲ. ಮೊದಲ ದಿನ ನಮಗೆ ಕಲಿಸಿದ್ದೇ ಅದು, ಮಾರಾಯ್ರೆ. ನೀವು ಇಲ್ಲ ಅಂದ್ರಿ. ನಾನು ಇಲ್ಲ ಅಂತ ಬರ್ದೆ.”

“ಕ್ಲಾಸಿನ ಮುಂದೆ ಬೈಸಿಕೊಂಡು ಬಂದೆಯಲ್ಲ!”

“ಮಕ್ಕಳ ಪ್ರಾಯದವರ ಮುಂದೆ,” ಎಂದಳು.

ತಪ್ಪೇ ಇಲ್ಲದ ಪುಸ್ತಕ ಕಂಡರೆ ಮೊದಲು ಅದನ್ನೇ ಬಿಚ್ಚು ಎಂದು ಮೂವತ್ತು ವರ್ಷ ಕಿರಿಯ ಅಧಿಕಾರಿಗಳಿಗೆ ಕಲಿಸಿದವನು ನಾನು. ಅಂಥ ಪುಸ್ತಕವನ್ನು ಮನೆಯಲ್ಲಿ, ಇಸ್ತ್ರಿ ಅಂಗಿ ತೊಟ್ಟು, ನಾನೇ ಬರೆಸಿದ್ದೇನೆ.

ರಾತ್ರಿ ಅನ್ನಕ್ಕೆ ನಾನೇ ಇಟ್ಟೆ. ಅಕ್ಕಿ ಹೇಗೂ ಚೊಕ್ಕಟವಾಗಿತ್ತು.

ನವೆಂಬರ್ 26, ಬುಧವಾರ

ಏನೂ ಬರೆಯುವಂಥದ್ದಿಲ್ಲ.

ನವೆಂಬರ್ 29, ಶನಿವಾರ

ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಅಲಿಪುರಕ್ಕೆ ಹೋದೆ. ಕ್ಲಾಸು ಶುರುವಾಗುವ ಒಂದು ಗಂಟೆ ಮೊದಲೇ ಹೋದೆ.

ಶುಕ್ಲಾದಿ ಬೃಹದಾಕಾರದ ಹೆಂಗಸೆಂದು ಭಾವಿಸಿದ್ದೆ. ನನ್ನ ಭುಜಕ್ಕೂ ಬಾರದ, ಹತ್ತಿ ಸೀರೆಯ ಮುದುಕಿ. ಹಿಂದೆ ಗಾಜಿನ ಬೀರು, ಅದರಲ್ಲಿ ಹಿತ್ತಾಳೆಯ ಹಳೆಯ ಉಪಕರಣಗಳು, ಪ್ರತಿಯೊಂದಕ್ಕೂ ಕೈಬರಹದ ಚೀಟಿ. ನಾನು ಹಿಂದಿಯಲ್ಲಿ ತಪ್ಪೊಪ್ಪಿಗೆ ಶುರು ಮಾಡಿದೆ. ಅವರು ಇಂಗ್ಲಿಷಿನಲ್ಲಿ, ಮೊದಲು ಹಾಳೆ ತೋರಿಸಿ ಎಂದರು.

ನೂರ ಹನ್ನೆರಡನ್ನೂ ದಿನಾಂಕದ ಪ್ರಕಾರ ಮೇಜಿನ ಮೇಲೆ, ಮೇಜು ಸಾಲದೆ ನೆಲದ ಮೇಲೆ, ಹರಡಿದರು. 88, 79, 80, 66. ನೋಡುತ್ತ ಹೋದಂತೆ ಅವರ ಮುಖದಲ್ಲಿ ಬಿಸಿ ಕಚೋರಿ ಕಂಡವರ ಕಳೆ ಬಂತು.

“ಮಿಸ್ಟರ್ ಐತಾಳ, ಹಾಳೆಗೊಂದು ಗಂಟೆ, ದಿನಾಂಕ! ಯಾರು ಹೇಳಿಕೊಟ್ಟರು ನಿಮಗೆ?”

“ಇನ್‌ಸ್ಪೆಕ್ಷನ್, ಮೇಡಂ.”

“ನನ್ನ ವಿದ್ಯಾರ್ಥಿಗಳು ಇದರಲ್ಲಿ ಅರ್ಧ ಮಾಡಿದರೆ ಸಾಕಿತ್ತು.” ನೆಲದ ಮೇಲೆ ಬಗ್ಗಿ ಒಂದು ಹಾಳೆ ಎತ್ತಿದರು. “14ಕ್ಕೆ ಇಳಿದದ್ದು ಬುಧವಾರ ಮತ್ತೆ 37. ಆ ದಿನ ಏನಾಯಿತು?”

“ಪೆನ್ಸಿಲ್...”

ಅವರು ಕನ್ನಡಕದ ಮೇಲಿನಿಂದ ನೋಡಿದರು.

“ಶೇಂಗಾ ಹೋಳಿಗೆ,” ಎಂದೆ. ಆಮೇಲೆ ಎಲ್ಲವನ್ನೂ ಹೇಳಬೇಕಾಯಿತು. ಕೆಂಪು ಷರಾದಿಂದ ಪಿಂಗಾಣಿ ಕಪಾಟಿನವರೆಗೆ.

ಅವರು ನಗಲಿಲ್ಲ ಎಂದು ಬರೆಯಲು ಆಸೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೇಳಿದರು: “ಹಳೆಯ ಕಾಲದಲ್ಲಿ ವಾಚು ಹಿಡಿಯುವುದು ಶಿಷ್ಯರ ಕೆಲಸ. ಸಬ್ಜೆಕ್ಟಿನ ಕುರ್ಚಿಯಲ್ಲಿ ಎಷ್ಟೋ ಸಲ ಪ್ರೊಫೆಸರೇ ಕೂರುತ್ತಿದ್ದರು, ಆಮೇಲೆ ಅದಲುಬದಲು. ದೊಡ್ಡ ಮರ್ಯಾದೆಯ ಕುರ್ಚಿ ಅದು. ನಿಮಗೆ ಕುರ್ಚಿ ಬೇಕು, ಆದರೆ ಒಳಗೆ ಯಾರೂ ಇಣುಕಬಾರದು! ಗಂಡಸರ ಈ ಗುಣ ನೋಡಿಯೇ ನಾನು ಮದುವೆಯ ಗೋಜಿಗೆ ಹೋಗಲಿಲ್ಲ.”

ಹಾಳೆಗಳನ್ನೆಲ್ಲ ರೆಕಾರ್ಡಿಗೆ ಲಗತ್ತಿಸಬೇಕು, ಹೊಸ ಅಂತರಾವಲೋಕನ ವರದಿ ಬೇಕು, ಅದರಲ್ಲಿ ಅಭ್ಯಾಸದ ಪ್ರೇರಣೆ ಸ್ಪಷ್ಟವಾಗಿ ಇರಬೇಕು, ನಾಳೆ ಸಹಿ ಹಾಕುತ್ತೇನೆ ಎಂದರು. “ರಂಗೋಲಿ ಬೇಡ,” ಎಂದೂ ಸೇರಿಸಿದರು.

ಸಂಜೆ ಆರಕ್ಕೆ ಊಟದ ಮೇಜಿಗೆ ಕುಳಿತೆವು. ಅವಳು ಪೆನ್ನು ಹಿಡಿದು, “ಹೇಳಿ,” ಎಂದಳು. ಕ್ಲಾಸಿನಲ್ಲಿ ಶುಕ್ಲಾದಿ ಆ ಮಕ್ಕಳೆದುರೇ ತನ್ನ ಮಾತು ಹಿಂದೆಗೆದುಕೊಂಡರಂತೆ. ಅದನ್ನು ಅವಳು ನನಗೆ ಹೇಳಲಿಲ್ಲ. ನವ್ಯಾ ಹೇಳಿದಳು.

“ಸಬ್ಜೆಕ್ಟ್ ಈ ಪ್ರಯೋಗವನ್ನು ಮುಂಚೆ ನೂರ ಹನ್ನೆರಡು ಸಲ ಮಾಡಿದ್ದ,” ಎಂದೆ. ಬರೆದಳು.

“ಇಲ್ಲ ಎಂದು ಸುಳ್ಳು ಹೇಳಿದ.” ಬರೆದಳು.

“ಪ್ರೇರಣೆ?” ಎಂದಳು.

“ಇನ್ನೊಬ್ಬ ಸಬ್ಜೆಕ್ಟಿನ ಮೇಲೆ ಹೊಟ್ಟೆಕಿಚ್ಚು.”

ಅದನ್ನೂ ಬರೆದಳು. “ಎಂತಕ್ಕೆ?” ಎಂದಳು, ಪ್ರಶ್ನೆಪತ್ರಿಕೆ ಓದುವ ದನಿಯಲ್ಲಿ.

“ಅವರು ಕೂತಾಗ ಪ್ರಯೋಗ ಮಾಡುವವರು ನಗ್ತಾ ಇದ್ರು.”

ಪೆನ್ನು ನಿಂತಿತು. “ಇದನ್ನೂ ಬರಿಲಿಕ್ಕೆ ಉಂಟಾ?” ಎಂದು ಕೇಳಿದಳು.

“ಸಬ್ಜೆಕ್ಟ್ ಹೇಳಿದ್ದನ್ನು ಬರಿಬೇಕಲ್ಲ?”

ಬರೆದಳು. ಚಹಾ ಆರಿಹೋಗಿತ್ತು. ಇನ್ನೊಮ್ಮೆ ಬಿಸಿ ಮಾಡಿ ತಂದೆ.

ನವೆಂಬರ್ 30, ಭಾನುವಾರ

ಸಹಿ ಆಯಿತು. ಕೆಂಪು ಶಾಯಿ: “ಸಬ್ಜೆಕ್ಟ್ ತಡವಾಗಿ ಸಹಕರಿಸಿದರು.” ಕೆಳಗೆ ಒಂದೇ ಗೆರೆ. ದೇಸಾಯಿಗೆ ಎರಡು ಇದ್ದವು. ಆದರೂ ಗೆರೆ ಗೆರೆಯೇ.

ಡಿಸೆಂಬರ್ 7, ಭಾನುವಾರ

ಪರೀಕ್ಷೆಗೆ ಯಾರು ಎಂದು ಇವತ್ತು ನೇರವಾಗಿ ಕೇಳಿದೆ. ಪೇಪರು ಕೆಳಗಿಟ್ಟು ಕೇಳಿದೆ.

“ದೇಸಾಯಿಯವರು,” ಎಂದಳು.

“ನಾನು ಒಪ್ಪಿಕೊಂಡದ್ದೆಲ್ಲ ಮತ್ತೆ ಯಾತಕ್ಕೆ?”

“ಹ್ವಾಯ್, ಅಲ್ಲಿ ಚೀಟಿ ಎತ್ತಿ ಯಾವ ಪ್ರಯೋಗ ಬಂತೋ ಅದನ್ನು ಮಾಡಿಸ್ಬೇಕು. ಸಬ್ಜೆಕ್ಟಿಗೆ ಎಂತದೂ ಗೊತ್ತಿರ್ಬಾರದು. ಅವರಿಗೆ ಗೊತ್ತಿರುದು ಎರಡೇ, ನೀವು ನನ್ನ ಪುಸ್ತಕ ಪೂರ್ತಿ ಓದಿ ಮುಗಿಸಿದ್ದೀರಿ. ಮೊನ್ನೆ ನನಗೇ ಎರಡು ಇಸವಿ ತಿದ್ದಿದ್ರಿ!”

ಹೆಚ್ಚು ತಿಳಿದುಕೊಂಡ ತಪ್ಪಿಗೆ ಅನರ್ಹನಾದೆ. ಎದೆಯ ನಡುವೆ, ಸ್ವಲ್ಪ ಎಡಕ್ಕೆ, ಅದೇ ಬಿಸಿ. ಇಂದು ಕಚೋರಿಯ ಮೇಲೆ ಹಾಕುವುದಿಲ್ಲ.

ಡಿಸೆಂಬರ್ 14, ಭಾನುವಾರ

ಬೆಳಿಗ್ಗೆ ಮನೋರಮೆ, ದೇಸಾಯಿ, ನಾನು ಮೂವರೂ ಹೊರಟೆವು. ಜೋಕಾ ಕಡೆಯಿಂದ ಬಂದ ಮೆಟ್ರೊ ಹತ್ತಿದೆವು. ಮನೋರಮೆಯ ಚೀಲ ನನ್ನ ಹತ್ತಿರ. ದೇಸಾಯಿ ಸೂಟು ಹಾಕಿದ್ದ. ಸಬ್ಜೆಕ್ಟಿಗೆ ಸೂಟು!

ಕಾಲೇಜಿನ ಮೊಗಸಾಲೆಯ ಬೆಂಚಿನ ಮೇಲೆ ಎಲ್ಲರ ಸಬ್ಜೆಕ್ಟುಗಳೂ ಸಾಲಾಗಿ ಕುಳಿತಿದ್ದವು. ತಮ್ಮಂದಿರು, ಗೆಳತಿಯರು, ಒಬ್ಬಳ ಸೋದರಮಾವ. ನಾನು ತುದಿಯಲ್ಲಿ. ದೇಸಾಯಿಯ ಮೊಣಕಾಲು ಅಲುಗುತ್ತಿತ್ತು. ಅದನ್ನು ನೋಡಿ ಸಂತೋಷಪಡೋಣ ಎಂದುಕೊಂಡೆ. ಆಗಲಿಲ್ಲ.

“ಎಂತ ಅನ್ನಿಸ್ತಾ ಉಂಟು, ದೇಸಾಯ್ರೆ?” ಎಂದು ಕೇಳಿದೆ.

ಅವನು ತಿರುಗಿ ನೋಡಿದ. “ಏನ್ ಹೇಳ್ಲಿ ಐತಾಳ್ರ. ನನ್ನ ಹೆಂಡ್ತಿ ಧಾರವಾಡದಾಗ ಸಾಲಿ ಕಲಿಸ್ತಾಳ, ನಾ ಇಲ್ಲೆ. ದಿನಾ ಫೋನ್ ಮಾಡ್ತೀವಿ. ಊಟ ಆತೇನು, ಗ್ಯಾಸ್ ಬಂತೇನು, ಅಷ್ಟಽ. ಎರಡು ವರ್ಷದಾಗ ನಿನಗ ಏನ್ ಅನಸ್ತದ ಅಂತ ಕೇಳಿದವ್ರು ನಮ್ಮ ವೈನಿ ಒಬ್ರೇ. ಕೇಳಿದ್ದಽ ತಡ, ನಾ ಸುರುವಿದೆ. ನಿಮಗ ಬ್ಯಾಸರ ಆಗಿರಬೇಕು, ಮನಿಗೆ ಬಂದು ಬಂದು ಕೂತು.”

“ಇಲ್ಲ ಮಾರಾಯ್ರೆ,” ಎಂದೆ. ಸುಳ್ಳು. “ಆಗಿತ್ತು,” ಎಂದು ತಿದ್ದಿದೆ. “ಬನ್ನಿ ಆದರೂ.”

ಒಳಗೆ ಕರೆಯುವವರೆಗೂ ಅವನು ಮಾತಾಡುತ್ತಲೇ ಇದ್ದ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮು, ನೀರಿನ ಕೊಡ, ಹೆಂಡತಿಯ ಕೆಮ್ಮು. ಹೆಂಡತಿಯ ಹೆಸರು ವಸುಂಧರಾ ಎಂದು ಇವತ್ತು ಗೊತ್ತಾಯಿತು.

ಮನೋರಮೆಗೆ ಚೀಟಿಯಲ್ಲಿ ಬಂದದ್ದು ದೀಪ ನೋಡಿ ಗುಂಡಿ ಒತ್ತುವ ಪ್ರಯೋಗ. ನಾನು ಸಹಕರಿಸದೆ ಕೆಡಿಸಿದ್ದು. ಒಂದು ಗಂಟೆಯ ಮೇಲೆ ಹೊರಗೆ ಬಂದಾಗ ಅವಳ ಮುಖ ನೋಡಿಯೇ ತಿಳಿಯಿತು. ಹೊರಗಿನ ಪರೀಕ್ಷಕರು ಹೊಗಳಿದರಂತೆ. ಅವಳನ್ನೂ, ದೇಸಾಯಿಯ ಅಂತರಾವಲೋಕನವನ್ನೂ. ‘ಅಪೂರ್ವ ಸಬ್ಜೆಕ್ಟ್’ ಎಂದರಂತೆ. ಇದನ್ನು ದೇಸಾಯಿ ದಾರಿಯುದ್ದಕ್ಕೂ ನಾಲ್ಕು ಸಲ ಹೇಳಿದ. ನಾಲ್ಕು ಸಲವೂ ಉರಿಯಿತು. ಚಹಾ ಕುಡಿದು ಹೋಗಿ ಎಂದು ನಾನೇ ಕರೆದೆ.

ಅವನು ಹೋದ ಮೇಲೆ ಮನೋರಮೆ ಹಲಗೆ, ಕನ್ನಡಿಗಳನ್ನು ಒರೆಸಿ ಚೀಲಕ್ಕೆ ಹಾಕಲು ಹೊರಟವಳು ನಿಂತಳು.

“ಇದನ್ನು ನಾಳೆ ಕಾಲೇಜಿಗೆ ವಾಪಸ್ ಕೊಡ್ಬೇಕು. ಎಲ್ಲರಿಂದಲೂ ಮಾಡಿಸಿದೆ. ನಾನು ಒಂದ್ಸಲವೂ ಕೂತದ್ದೇ ಇಲ್ಲ.”

ಸ್ಟಾಪ್‌ವಾಚನ್ನು ನನ್ನ ಮುಂದೆ ಇಟ್ಟು, ನನ್ನ ಕುರ್ಚಿಯಲ್ಲಿ ಕುಳಿತಳು. ನಾನು ಎದುರು ಕುಳಿತು ಸೂಚನೆ ಪೂರ್ತಿ ಹೇಳಿದೆ. ಪುಸ್ತಕ ನೋಡದೆ ಹೇಳಿದೆ.

“ಶುರು.”

ಪೆನ್ಸಿಲ್ ಮೊದಲ ಮೂಲೆಯಲ್ಲೇ ದಾರಿ ತಪ್ಪಿತು. ಅವಳು ನಾಲಿಗೆಯ ತುದಿ ಕಚ್ಚಿ, ತಲೆ ಒಂದು ಪಕ್ಕಕ್ಕೆ ಬಾಗಿಸಿ, ಕನ್ನಡಿಯನ್ನೇ ನೋಡುತ್ತಿದ್ದಳು. ಹುಬ್ಬಿನ ಮೇಲೆ ಒಂದು ಬಿಳಿ ಕೂದಲು ಇದೆ, ಯಾವಾಗಿನಿಂದ ಇದೆಯೋ. ಗೆರೆ ದಾಟಿದಾಗಲೆಲ್ಲ “ಶ್ಶಿ” ಎನ್ನುತ್ತಾಳೆ. ಮೂರನೆಯ ಮೂಲೆಗೆ ಬಂದಾಗ ಕೈ ಸಿಕ್ಕಿಬಿದ್ದು, “ಅಯ್ಯೋ, ಇದೆಂತ ಮಾರಾಯ್ರೆ, ನನ್ನ ಕೈಯಾ ಇದು!” ಎಂದು ನಗತೊಡಗಿದವಳು ನಿಲ್ಲಿಸಲೇ ಇಲ್ಲ. ನವ್ಯಾ ಕೋಣೆಯಿಂದ ಓಡಿಬಂದು ಏನಾಯಿತೆಂದು ಕೇಳಿದಳು.

ನಿಯಮದ ಪ್ರಕಾರ ದಾಖಲೆ:

ಸಬ್ಜೆಕ್ಟ್: ಮ. ಐ.

ಸಮಯ: ವಾಚು ನಿಲ್ಲಿಸಲು ಮರೆತೆ.

ತಪ್ಪುಗಳು: ಎಣಿಸಲಿಲ್ಲ.

ಷರಾ: ಪ್ರಯೋಗ ಮಾಡುವವನು ಸಹಕರಿಸಲಿಲ್ಲ.